ಸದ್ದು ನಿಲ್ಲಿಸಿದ ಕೂಲರ್

ಕಲಬುರಗಿಯ ಒಂದು ಮನೆಯ ಕಿಟಕಿಯಲ್ಲಿ ಹಳೆಯ ಕೂಲರ್ ಇತ್ತು. ಬೇಸಿಗೆಯ ನಡುವೆ ಅದರ ಪಂಪು ಕೆಟ್ಟು ನೀರು ಮೇಲೇರುವುದು ನಿಂತಿತು. ಮನೆಯವರಿಗೆ ಗೊತ್ತಾದರೆ ತನ್ನನ್ನು ಎಸೆದು ಎಸಿ ತರುತ್ತಾರೆಂದು ಹೆದರಿದ ಕೂಲರ್, ಫ್ಯಾನನ್ನು ಇನ್ನೂ ಜೋರಾಗಿ ತಿರುಗಿಸಿ ಗದ್ದಲ ಮಾಡತೊಡಗಿತು.

ಅದರ ಹಿಂದೆ ವಾಸವಿದ್ದ ಹಲ್ಲಿ ಕೇಳಿತು: "ನೀರು ಹೀರಿ ಗಾಳಿ ತಂಪು ಮಾಡಬೇಕಾದ ನಿನ್ನ ಹುಲ್ಲು ಒಣಗಿದೆ, ನೀನು ಬೀಸುತ್ತಿರುವುದು ಬಿಸಿಗಾಳಿ. ಯಾರಿಗೆ ಮೋಸ ಮಾಡುತ್ತಿರುವೆ?"

"ಸುಮ್ಮನಿರು. ಸದ್ದು ಇರುವವರೆಗೆ ನಾನೂ ಇರುತ್ತೇನೆ."

ಒಳಗೆ ಮಹಾನಂದಾಳ ಇಪ್ಪತ್ತು ದಿನದ ಕೂಸು ಮೈತುಂಬ ಬೆವರುಸಾಲೆ ಎದ್ದು ಅಳುತ್ತಿತ್ತು. "ಕೂಲರ್ ನಡದದ, ಆದ್ರೂ ಕೂಸಿಗಿ ಯಾಕ ಸಮಾಧಾನಿಲ್ಲ?" ಎನ್ನುತ್ತ ಆಕೆ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು. ಮೂರನೆಯ ದಿನ ಕೂಸಿಗೆ ಅಳುವ ತ್ರಾಣವೂ ಉಳಿಯಲಿಲ್ಲ.

ಅದನ್ನು ಕಂಡ ಕೂಲರ್, "ನಾನು ಹೋದರೆ ಹೋಗಲಿ" ಎಂದು ಫ್ಯಾನು ನಿಲ್ಲಿಸಿತು.

ಸದ್ದು ನಿಂತೊಡನೆ ಮಹಾನಂದಾ ಗಾಬರಿಯಿಂದ ಕೂಸನ್ನೆತ್ತಿಕೊಂಡು ನೆರೆಮನೆಯ ತಂಪಿಗೆ ಓಡಿದಳು. ರಿಪೇರಿ ಮಾಡುವ ಇಮಾಮಸಾಬನಿಗೆ ಹೇಳಿಕಳಿಸಿದಳು. ಅವನು ಬಂದು ಕೂಲರ್ ಬಿಚ್ಚಿ ನೋಡಿದ.

"ಪಂಪಿಗಿ ನೀರಿನ ಉಪ್ಪು ಕಟ್ಟ್ಯದ ಅಕ್ಕಾ. ಪಂಪು, ಹುಲ್ಲು ಬದಲು ಮಾಡಿದ್ರ ಸಾಕು. ಫ್ಯಾನು ಛಲೋ ಅದ."

"ಮತ್ತ ನಮಗ ಮೊದಲೇ ಯಾಕ ತಿಳೀಲಿಲ್ಲ?"

"ಇಷ್ಟು ಗದ್ದಲ ಮಾಡಿದ್ರ ಒಳಗಿಂದು ಯಾರಿಗಿ ತಿಳೀತದ?"

ಸಂಜೆಗೆ ಹೊಸ ಹುಲ್ಲಿನ ಮೇಲೆ ನೀರು ಇಳಿಯಿತು. ಕೂಸು ಹಾಲು ಕುಡಿದು ಮಲಗಿತು. ಕೂಲರ್ ಎಷ್ಟು ಮೆಲ್ಲಗೆ ತಿರುಗುತ್ತಿತ್ತೆಂದರೆ, ಅದು ನಡೆದಿದೆಯೋ ಇಲ್ಲವೋ ಎಂದು ಮಹಾನಂದಾ ಮುಂದೆ ಕೈಯೊಡ್ಡಿ ನೋಡಿದಳು. ಕೈ ತಣ್ಣಗಾಯಿತು.