ಗುಮ್ಮನ ಗವಿಯ ಹೊಸ ಯಜಮಾನ

ಒಂದು ಕಾಡಿನಲ್ಲಿ ಆಟ ಕಟ್ಟುವವರ ತಂಡವೊಂದಿತ್ತು. ಅದಕ್ಕೆ ಹಿರಿಯಳು ಸೂಜಜ್ಜಿ ಎಂಬ ಮುಳ್ಳುಹಂದಿ. ಅವಳೂ ಚಿಪ್ಪುಹಂದಿಗಳೂ ಇಲಿಗಳೂ ಸೇರಿ ನೆಲದೊಳಗೆ ತೋಡಿದ 'ಗುಮ್ಮನ ಗವಿ' ಕಾಡಿಗೆಲ್ಲ ಹೆಸರುವಾಸಿ. ಒಳಗೆ ಹೊಕ್ಕವರು ಸುತ್ತಿ ಸುತ್ತಿ ದಾರಿ ಹುಡುಕಬೇಕು. ಮೂರನೆಯ ತಿರುವಿನಲ್ಲಿ ಕಾಲು ಜಾರಿ ತರಗೆಲೆಯ ರಾಶಿಯ ಮೇಲೆ ಧೊಪ್ಪೆಂದು ಬೀಳಬೇಕು. ಬಿದ್ದವರು ನಗುತ್ತಾ ಎದ್ದು ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಆನೆ ಮಾತ್ರ ಹೊರಗೇ ನಿಂತು ಸೊಂಡಿಲು ತೂರಿಸಿ ಸಂತೋಷಪಡುತ್ತಿತ್ತು.

ತಂಡಕ್ಕೊಂದು ಪದ್ಧತಿಯಿತ್ತು. ಯಾವ ತಿರುವು ತೋಡಿದರೂ ಮೊದಲು ಮೊಲದ ಮರಿಗಳನ್ನು ಒಳಗೆ ಬಿಡುತ್ತಿದ್ದರು. ಮರಿಗಳು ಕಿಲಕಿಲ ನಕ್ಕರೆ ತಿರುವು ಉಳಿಯುತ್ತಿತ್ತು. ಆಕಳಿಸಿದರೆ ಮಣ್ಣು ಮುಚ್ಚುತ್ತಿದ್ದರು.

ನುಣ್ಣಪ್ಪನೆಂಬ ನರಿಗೆ ಸೂಜಜ್ಜಿಯ ಕೀರ್ತಿ ಕಂಡು ಹೊಟ್ಟೆಯುರಿ. ಬಾಲಕ್ಕೆ ಮಣ್ಣಾಗುತ್ತದೆಂದು ಅವನು ಒಮ್ಮೆಯೂ ಗವಿಗೆ ಇಳಿದವನಲ್ಲ. ಆದರೂ ಸಿಂಹರಾಜನ ಬಳಿ ಹೋಗಿ, ಗವಿ ಹಳತಾಯಿತು, ತನ್ನನ್ನು ಯಜಮಾನನನ್ನಾಗಿ ಮಾಡಿದರೆ ಅದೇ ಹೆಸರಿನಲ್ಲಿ ಹೊಚ್ಚಹೊಸದನ್ನು ಕಟ್ಟಿಸುತ್ತೇನೆ ಎಂದು ಬೆಣ್ಣೆ ಹಚ್ಚಿದ. ರಾಜ ಒಪ್ಪಿಬಿಟ್ಟ.

ನರಿ ಹಳೆಯ ಗವಿಯನ್ನು ಮುಚ್ಚಿಸಿದ. ಹೊಸ ದಾರಿಯನ್ನು ಅಗಲವಾಗಿ, ನೆಟ್ಟಗೆ ತೋಡಿಸಿದ. ಗೋಡೆಗೆಲ್ಲ ನವಿಲುಗರಿ ಸಿಕ್ಕಿಸಿದ. ಜಾರುವ ಜಾಗಕ್ಕೆ ಕಲ್ಲು ಹಾಸಿಸಿದ.

"ಮರಿಗಳನ್ನು ಒಮ್ಮೆ ಒಳಗೆ ಬಿಟ್ಟು ನೋಡೋಣ, ಯಜಮಾನರೇ," ಎಂದಳು ಸೂಜಜ್ಜಿ.

"ಮರಿಗಳಿಗೇನು ತಿಳಿಯುತ್ತದೆ? ನವಿಲು ನೋಡಿ ಮೆಚ್ಚಿದೆ, ಸಾಕು," ಎಂದ ನರಿ. ನವಿಲು ಬಾಗಿಲಲ್ಲೇ ನಿಂತು ನೋಡಿ ಮೆಚ್ಚಿದ್ದು ತನ್ನದೇ ಗರಿಗಳನ್ನು.

ಡಂಗುರ ಹೊಡೆಸಿದ್ದಾಯಿತು. ಕಾಡಿಗೆ ಕಾಡೇ ಬಂತು. ಎಲ್ಲರೂ ಈ ಕಡೆ ಹೊಕ್ಕರು, ಆ ಕಡೆ ಹೊರಬಂದರು. ಯಾರೂ ಬೈಯಲಿಲ್ಲ. ಯಾರೂ ಮತ್ತೆ ಸಾಲಿನಲ್ಲಿ ನಿಲ್ಲಲೂ ಇಲ್ಲ. ರಾಜನಿಗೆ ಅನುಮಾನ ಬಂದು, ನೀನೇ ಆಡಿ ತೋರಿಸು ಎಂದ. ನರಿ ಗತ್ತಿನಿಂದ ಒಳಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಇಲಿಯೊಂದು ನೋಡಿಕೊಂಡು ಬಂದು ಕೈಮುಗಿಯಿತು.

"ಮಹಾರಾಜರೇ, ಯಜಮಾನರು ಅರ್ಧ ದಾರಿಯಲ್ಲೇ ಗೊರಕೆ ಹೊಡೆಯುತ್ತಿದ್ದಾರೆ."

ನರಿಯ ಯಜಮಾನಿಕೆ ಅಂದೇ ಮುಗಿಯಿತು. ಆದರೆ ಹಳೆಯ ಗವಿ ಮುಚ್ಚಿಹೋಗಿ, ಹೊಸದಕ್ಕೆ ಯಾರೂ ಬಾರದೆ, ತಂಡವೂ ಉಳಿಯಲಿಲ್ಲ. ಚಿಪ್ಪುಹಂದಿಗಳು ಹುತ್ತಗಳ ಕಡೆ ಹೋದವು, ಇಲಿಗಳು ಹೊಲಗಳ ಕಡೆ. ಹೊಸ ಗವಿ ಬಾವಲಿಗಳ ಪಾಲಾಯಿತು. ಸೂಜಜ್ಜಿಗೆ ಬಹಳ ದುಃಖವಾಯಿತು. ನಾಲ್ಕು ದಿನ ಅವಳು ಗೆಡ್ಡೆಯನ್ನೂ ಮುಟ್ಟಲಿಲ್ಲ.

ಐದನೆಯ ದಿನ ಮೊಲದ ಮರಿಗಳು ಬಂದು, ನಾವು ಇನ್ನು ಎಲ್ಲಿ ಬೀಳೋಣ ಎಂದು ಕೇಳಿದವು. ಅಜ್ಜಿಗೆ ನಗು ಬಂತು. ಹಲಸಿನ ಮರದಡಿ ಒಬ್ಬಳೇ ತೋಡತೊಡಗಿದಳು. ಚಿಕ್ಕ ಗವಿ, ಒಂದೇ ತಿರುವು, ಕೆಳಗೆ ತರಗೆಲೆ. ಅವಳಿಗೂ ಮರಿಗಳಿಗೂ ಅಷ್ಟೇ ಸಾಕಾಗಿತ್ತು.

ಒಂದು ದಿನ ಸಾಲಿನ ಪಕ್ಕದಲ್ಲಿ ನುಣ್ಣಪ್ಪ ತಲೆ ತಗ್ಗಿಸಿ ನಿಂತಿದ್ದ.

"ಅಜ್ಜಿ, ನಾನು ಇದನ್ನು ಒಮ್ಮೆಯೂ ಆಡಿಲ್ಲ," ಎಂದ.

"ಮರಿಗಳ ಹಿಂದೆ ನಿಲ್ಲಪ್ಪ," ಎಂದಳು ಅಜ್ಜಿ.

ಅವನ ಸರದಿ ಬಂತು. ಒಳಗೆ ಧೊಪ್ಪೆಂದು ಸದ್ದಾಯಿತು, ಆಮೇಲೆ ನಗು ಕೇಳಿಸಿತು. ನರಿ ಬಾಲಕ್ಕೆ ಮಣ್ಣು ಮೆತ್ತಿಕೊಂಡು ಹೊರಬಂದ. ಯಾರೂ ಹೇಳದೆಯೇ ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ನೀತಿ: ತಾನು ಆಡಿ ನೋಡದ ಆಟವನ್ನು ತಿದ್ದಲು ಹೊರಟವನು ಇದ್ದುದನ್ನೂ ಕೆಡಿಸುತ್ತಾನೆ.