ಕಾಮಕಸ್ತೂರಿ ತನ್ನ ಪರಿಮಳ ಬಚ್ಚಿಟ್ಟದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು, ಮಗಾ. ಗಾಳಿ, ಗಿಡ, ಜೇನುನೊಣ ಎಲ್ಲವೂ ನಮ್ಮ ಜೊತೆ ಹರಟುತ್ತಿದ್ದವು. ಆಗ ಕಾಮಕಸ್ತೂರಿ ತನ್ನ ಪರಿಮಳವನ್ನು ಎಲೆಯ ಹೊರಗೇ ಹೊದ್ದುಕೊಂಡಿತ್ತು. ದಾರಿಯಲ್ಲಿ ಹೋಗುವವರಿಗೂ ಘಮ್ಮೆನ್ನುತ್ತಿತ್ತು.

ಅದೇ ತೊಂದರೆಯಾಯಿತು. ಪ್ರತಿ ವರ್ಷ ದೊರೆ ಕುದುರೆ ಏರಿ ಬರುತ್ತಿದ್ದ. ಇಳಿಯುತ್ತಿರಲಿಲ್ಲ. ಮೂಗು ಚಾಚಿ, "ಅದನ್ನು ಕೀಳು, ಇದನ್ನು ಕೀಳು" ಅನ್ನುತ್ತಿದ್ದ. ಘಮಘಮಿಸುವ ಗಿಡಗಳು ಹೂ ಬಿಡುವ ಮೊದಲೇ ಪರಿಮಳಕ್ಕೆಂದು ಅವನ ಹಾಸಿಗೆ ಸೇರುತ್ತಿದ್ದವು. ಬೀಜಕ್ಕೆ ಉಳಿಯುತ್ತಿದ್ದದ್ದು ಸಪ್ಪೆ ಗಿಡ. ಸಪ್ಪೆ ಗಿಡಕ್ಕೆ ಸಪ್ಪೆ ಮಕ್ಕಳು. ಒಳ್ಳೆಯದನ್ನೆಲ್ಲ ಮೇಲಿನವರೇ ಬಾಚಿಕೊಂಡರೆ ಮತ್ತೇನಾಗುತ್ತದೆ?

ಗಿಡ ಬೆಳೆಸುತ್ತಿದ್ದವಳು ಹೊನ್ನವ್ವ. ಒಂದು ವರ್ಷ ಅವಳ ಹೊಲದಲ್ಲಿ ನಿಂಬೆಯ ಪರಿಮಳದ್ದು ಒಂದು, ಲವಂಗದ ಪರಿಮಳದ್ದು ಒಂದು, ಇಷ್ಟೇ ಉಳಿದವು. ಎರಡಕ್ಕೂ ಕೆಂಪು ದಾರ ಕಟ್ಟಿದಳು. ದಾರ ಕಟ್ಟಿದ ಗಿಡ ಬೀಜಕ್ಕೆ ಮೀಸಲು, ಅದನ್ನು ಯಾರೂ ಕೀಳುವಂತಿಲ್ಲ.

"ದೊರೆಗೆ ದಾರ ಎಲ್ಲಿ ಕಾಣುತ್ತದೆ ಅವ್ವಾ?" ಎಂದಿತು ಜೇನುನೊಣ. "ಮುಖದ ತುಂಬ ಮೂಗೇ ಇದೆ. ಇವೆರಡೂ ಹೋದರೆ ಲೋಕದಲ್ಲಿ ಇನ್ನು ಸಪ್ಪೆಯೇ."

ಹೊನ್ನವ್ವ ಗಿಡಗಳ ಮುಂದೆ ಕುಕ್ಕರಿಸಿದಳು. "ತಾಯಂದಿರಾ, ಪರಿಮಳ ಒಳಗೆಳೆದುಕೊಳ್ಳಿ."

"ಆಮೇಲೆ ನಿನಗೆ ಹೇಗೆ ಗೊತ್ತಾಗಬೇಕು?" ನಿಂಬೆಗಿಡ ಕೇಳಿತು.

"ನನಗೆ ಕೈ ಇದೆ. ಅವನು ಕುದುರೆ ಇಳಿಯೋನಲ್ಲ."

"ನಾನೂ ಅಷ್ಟು ಹೊತ್ತು ಉಸಿರು ಬಿಗಿಹಿಡೀತೀನಿ" ಎಂದು ಗಾಳಿ ನಕ್ಕಿತು.

ದೊರೆ ಬಂದ. ಮೂಸಿದ. ಮತ್ತೆ ಮೂಸಿದ. "ಥೂ, ಬರೀ ಹುಲ್ಲು. ಕುದುರೆಗೆ ಹಾಕಿ."

ಹೊನ್ನವ್ವ ಗಿಡಗಳಿಗೆ ಅಡ್ಡ ನಿಂತಳು.

"ನಂಗೆ ಬೇಡಪ್ಪ, ಹೊಟ್ಟೆ ತುಂಬಿದೆ" ಎಂದು ಕುದುರೆ ಅವನನ್ನು ಹೊತ್ತುಕೊಂಡು ಮನೆಯ ಕಡೆ ತಿರುಗಿಯೇಬಿಟ್ಟಿತು. ಬೆನ್ನ ಮೇಲೆ ಅವನನ್ನು ಹೊತ್ತೂ ಹೊತ್ತೂ ಅದಕ್ಕೂ ಸಾಕಾಗಿತ್ತು.

ಎರಡೂ ಗಿಡ ಹೂ ಬಿಟ್ಟವು. ಜೇನುನೊಣ ಇದರ ಪುಡಿ ಅದಕ್ಕೆ, ಅದರ ಪುಡಿ ಇದಕ್ಕೆ ಒಯ್ದಿತು. ಮುಂದಿನ ಮಳೆಗೆ ಹೊಲದ ತುಂಬ ಮರಿಗಳು. ಹೊನ್ನವ್ವ ಒಂದೊಂದರ ಎಲೆಯನ್ನೂ ತಿಕ್ಕಿ ಮೂಸಿದಳು.

"ನೀನು ನಿಂಬೆ. ನೀನು ಲವಂಗ. ನೀನು... ಎಲಾ ಕಳ್ಳಿ, ಎರಡೂ."

ಮೆಚ್ಚಿದ್ದಕ್ಕೆಲ್ಲ ಕೆಂಪು ದಾರ ಕಟ್ಟಿದಳು.

ಅದಕ್ಕೇ ಮಗಾ, ಇವತ್ತಿಗೂ ದೂರದಲ್ಲಿ ಮೂಗೆತ್ತಿ ನಿಂತವರಿಗೆ ಕಾಮಕಸ್ತೂರಿ ಬಾಯಿ ಬಿಡುವುದಿಲ್ಲ. ಮಂಡಿಗೆ ಮಣ್ಣು ಮಾಡಿಕೊಂಡು ಎಲೆ ತಿಕ್ಕಿ ನೋಡು, ತಾನು ನಿಂಬೆಯೋ ಲವಂಗವೋ ನಿನ್ನ ಬೆರಳಿಗೆ ಹೇಳುತ್ತದೆ.