ಕಾದರೆ ಹಿಡಿಯುವ ಬ್ರೇಕು

“ಎಮ್ಮೆಯವ್ವಾ, ದಾರಿ ತಪ್ಪಿಬಿಟ್ಟಿದ್ದೇನೆ! ಸಂಡೂರಿಗೆ ಯಾವ ಕಡೆ ತಿರುಗಬೇಕು?” ಬೆಳಗಿನ ಚಳಿಯಲ್ಲಿ ಗುಡ್ಡ ಇಳಿಯಲು ಶುರುಮಾಡಿದ ಕೆಂಪು ಕಾರು ಕೆಂಪಿ ದೂರದಿಂದಲೇ ಕೂಗಿದಳು. ರಸ್ತೆಯ ನಡುವೆ ಎಮ್ಮೆ ಮಲಗಿತ್ತು, ಅದರ ಮಗ್ಗುಲಲ್ಲಿ ಕರು.

ಕೆಂಪಿ ಬ್ರೇಕು ಒತ್ತಿದಳು. ಹಿಂದಿನ ದಿನವಷ್ಟೇ ಹಾಕಿಸಿಕೊಂಡ ರೇಸಿನ ಬ್ರೇಕು, ರೇಸಿನ ಅಗಲ ಚಕ್ರ. ಹಿಡಿಯಲೇ ಇಲ್ಲ. “ಏಳವ್ವಾ!” ಎಂದು ಚೀರಿದಳು.

ಯಾರ ಹಾರನ್ನಿಗೂ ಕಿವಿ ಅಲ್ಲಾಡಿಸದ ಆ ಎಮ್ಮೆ ಚಂಗನೆ ಎದ್ದು, ಕರುವನ್ನು ಮೂತಿಯಿಂದ ಪಕ್ಕಕ್ಕೆ ನೂಕಿತು. ಕೆಂಪಿ ಅದರ ಬಾಲ ಸವರಿಕೊಂಡು ಜಾರಿ, ಹತ್ತು ಮಾರು ಕೆಳಗೆ ಹೋಗಿ ನಿಂತಳು.

“ಹೊಸ ಬ್ರೇಕೇನವ್ವ?” ಎಂದಿತು ಎಮ್ಮೆ.

“ರೇಸಿನದು. ಬಿಸಿಯಾಗಿ ಕಾದರೆ ಮಾತ್ರ ಹಿಡಿಯುತ್ತಂತೆ.”

“ಅಂದರೆ ನಿಲ್ಲಬೇಕಾದರೂ ಮೊದಲು ಓಡಬೇಕು ಅನ್ನು.”

ಕೆಂಪಿಗೆ ನಗು ಬರಲಿಲ್ಲ. ಆ ಕಪ್ಪು ಬಂಡೆಯಂಥ ಮೈಯನ್ನು ಕೊಂಬಿನಿಂದ ಗೊರಸಿನವರೆಗೆ ಬೆರಗಾಗಿ ನೋಡಿದಳು. ದೇಶವೆಲ್ಲ ಸುತ್ತಿದವಳು ಇಂಥ ವೇಗ ಕಂಡಿರಲಿಲ್ಲ. “ನಿನಗೆ ಬಿಸಿಯಾಗುವುದೇ ಬೇಕಿಲ್ಲವೇನವ್ವಾ?”

“ಕರು ಪಕ್ಕದಲ್ಲೇ ಇತ್ತಲ್ಲ! ಸಂಡೂರಿಗೆ ಎಡಕ್ಕೆ ಹೋಗು,” ಎಂದು ಎಮ್ಮೆ ಕರುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, ಬಿಸಿಲು ಬಿದ್ದಿದ್ದ ಅದೇ ಜಾಗದಲ್ಲಿ ಮತ್ತೆ ಮಲಗಿತು.

ಅಷ್ಟರಲ್ಲಿ ಕೆಳಗಿನಿಂದ ಅದಿರು ಲಾರಿಯೊಂದು ಅಬ್ಬರಿಸುತ್ತ ಏರಿ ಬಂತು. ಕೆಂಪಿ ಎಡಕ್ಕೆ ತಿರುಗಲಿಲ್ಲ. ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಳು. ಲಾರಿ ನರಳುತ್ತ ಅವಳ ಬಾಗಿಲಿಗೆ ಗೇಣು ದೂರದಲ್ಲಿ ನಿಂತಿತು.

“ಚಕ್ರ ಹೊಸದು ಹಾಕಿಸಿಕೊಂಡೆ, ಬುದ್ಧಿ ಎಲ್ಲಿ ಬಿಟ್ಟುಬಂದೆ? ಸರಿ ಆ ಕಡೆ!” ಎಂದು ಲಾರಿ ಗದರಿತು.

“ಸರಿಯುವುದಿಲ್ಲಣ್ಣ. ಈಗಷ್ಟೇ ನನಗಾಗಿ ಎದ್ದ ಎಮ್ಮೆಯವ್ವನ ಋಣ ಒಂದಿದೆ, ತೀರಿಸುತ್ತಿದ್ದೇನೆ. ಕರು ಏಳುವ ತನಕ ನೀನೂ ಇಲ್ಲೇ ಇರು,” ಎಂದಳು ಕೆಂಪಿ.